ಆರು ಚುಕ್ಕಿಗಳ ಮೇಷ್ಟ್ರು: ಲೂಯಿ ಬ್ರೈಲ್

ನಮ್ಮ ಬಿ.ಇಡಿ. ಪಠ್ಯದಲ್ಲಿ ಲೂಯಿ ಬ್ರೈಲ್ ಹೆಸರು ಬರುವುದು ಸಮನ್ವಯ ಶಿಕ್ಷಣದ ಘಟಕದಲ್ಲಿ, ಅದೂ ಒಂದೆರಡು ಸಾಲಿನಲ್ಲಿ. ದೃಷ್ಟಿದೋಷವುಳ್ಳ ಮಕ್ಕಳಿಗೆ ಬ್ರೈಲ್ ಲಿಪಿ, ಕಂಡುಹಿಡಿದವರು ಫ್ರಾನ್ಸಿನ ಲೂಯಿ ಬ್ರೈಲ್ ಎಂದು ಟಿಪ್ಪಣಿ ಬರೆದುಕೊಂಡು ಮುಂದಿನ ಘಟಕಕ್ಕೆ ಹೋಗುತ್ತೇವೆ. ಆ ಲಿಪಿಯ ಚೌಕಟ್ಟು ಸಿದ್ಧವಾದಾಗ ಆತ ಹದಿನೈದು ವರ್ಷದ ವಿದ್ಯಾರ್ಥಿ. ಮುಂದೆ ಬದುಕಿನುದ್ದಕ್ಕೂ ಆತ ಶಿಕ್ಷಕ. ಅವರ ಲಿಪಿಗೆ ಅಡ್ಡ ನಿಂತವರು ಊರಿನ ಮೂಢರಲ್ಲ, ಅವರದೇ ಶಾಲೆಯ ಶಿಕ್ಷಕರು. ಟಿಪ್ಪಣಿಯಲ್ಲಿ ಬಿಟ್ಟುಹೋದ ಈ ಭಾಗವೇ ಪ್ರಶಿಕ್ಷಣಾರ್ಥಿಗಳಾದ ನಮಗೆ ಹೆಚ್ಚು ಬೇಕಾದದ್ದು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್‌ನ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದ ಕೂಪ್ವ್ರೆ ಎಂಬ ಹಳ್ಳಿಯಲ್ಲಿ. ಶಿವಮೊಗ್ಗದಿಂದ ಭದ್ರಾವತಿಗೆ ಇರುವ ದೂರದ ಎರಡರಷ್ಟು ಎಂದುಕೊಳ್ಳಬಹುದು. ತಂದೆ ಸಿಮೋನ್ ರೆನೆ ಬ್ರೈಲ್ ಕುದುರೆಗೆ ಜೀನು, ಲಗಾಮು ಮಾಡುವ ಕಸುಬಿನವರು. ತಾಯಿ ಮೊನೀಕ್. ನಾಲ್ಕು ಮಕ್ಕಳಲ್ಲಿ ಲೂಯಿ ಕಡೆಯವನು. ಮೂರು ವರ್ಷದವನಿದ್ದಾಗ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಾ, ಚರ್ಮಕ್ಕೆ ತೂತು ಹಾಕುವ ದಬ್ಬಳದಂಥ ಚೂಪಾದ ಉಪಕರಣ ಕೈಗೆತ್ತಿಕೊಂಡ. ಅದು ಜಾರಿ ಕಣ್ಣಿಗೆ ಚುಚ್ಚಿತು. ಗಾಯಕ್ಕೆ ನಂಜಾಯಿತು. ಆ ನಂಜು ಇನ್ನೊಂದು ಕಣ್ಣಿಗೂ ಹಬ್ಬಿತು. ಆಗಿನ್ನೂ ನಂಜುನಿರೋಧಕ ಔಷಧಗಳಿಲ್ಲದ ಕಾಲ. ಐದು ವರ್ಷ ತುಂಬುವ ಹೊತ್ತಿಗೆ ಹುಡುಗನಿಗೆ ಏನೂ ಕಾಣದಂತಾಯಿತು.

ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಉಳಿಯುತ್ತಿದ್ದ ದಾರಿ ಹೆಚ್ಚಾಗಿ ಭಿಕ್ಷೆಯೇ. ಬ್ರೈಲ್ ದಂಪತಿ ಹಾಗೆ ಬಿಡಲಿಲ್ಲ. ತಂದೆ ಹಲಗೆಗೆ ದುಂಡುತಲೆಯ ಮೊಳೆ ಹೊಡೆದು ಅಕ್ಷರಗಳ ಆಕಾರ ಮಾಡಿಕೊಟ್ಟರು. ಹುಡುಗ ಬೆರಳಾಡಿಸಿ ಅವನ್ನು ಕಲಿತ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೂಯಿಯ ಮೊದಲ ಕಲಿಕೋಪಕರಣ ಅಪ್ಪ ತಯಾರಿಸಿದ್ದು, ಮನೆಯಲ್ಲೇ ಸಿಗುವ ಸಾಮಗ್ರಿಯಿಂದ. ಊರಿನ ಪಾದ್ರಿ ಜಾಕ್ ಪಾಲ್ವಿ ಅವನಿಗೆ ಪಾಠ ಹೇಳಿದರು. ಶಾಲೆಯ ಮೇಷ್ಟ್ರು ಆಂಟ್ವಾನ್ ಬೆಶೆರೆ ಕಣ್ಣು ಕಾಣುವ ಮಕ್ಕಳ ಜೊತೆಗೇ ಅವನನ್ನೂ ಕೂರಿಸಿಕೊಂಡರು. ಇಂದು ನಾವು ಸಮನ್ವಯ ಶಿಕ್ಷಣ ಎಂದು ಕರೆಯುವುದನ್ನು ಆ ಹಳ್ಳಿಯ ಮೇಷ್ಟ್ರು ಯಾವ ಸುತ್ತೋಲೆಯೂ ಇಲ್ಲದೆ ಮಾಡಿದ್ದರು. ಹುಡುಗ ಕೇಳಿದ್ದನ್ನು ಮರೆಯುತ್ತಿರಲಿಲ್ಲ, ಲೆಕ್ಕದಲ್ಲಿ ಮುಂದಿದ್ದ. ಆದರೆ ಉಳಿದವರು ಪುಸ್ತಕ ತೆರೆದಾಗ ಅವನು ಸುಮ್ಮನೆ ಕೂರಬೇಕಾಗಿತ್ತು.

ಪಾದ್ರಿ ಮತ್ತು ಊರಿನ ಜಮೀನುದಾರರ ಶಿಫಾರಸಿನಿಂದ 1819ರ ಫೆಬ್ರುವರಿಯಲ್ಲಿ, ಹತ್ತು ವರ್ಷದ ಲೂಯಿ ಪ್ಯಾರಿಸ್‌ನ ರಾಜಾಶ್ರಯದ ಅಂಧ ಮಕ್ಕಳ ಶಾಲೆಗೆ ಸೇರಿದ. ಈ ಶಾಲೆಯ ಮೂಲ ಸ್ಥಾಪಕ ವ್ಯಾಲೆಂಟಿನ್ ಹಾವಿ. 1785ರ ಸುಮಾರಿಗೆ ಅವರು ಅಂಧ ಮಕ್ಕಳಿಗಾಗಿ ಶಾಲೆ ತೆರೆದದ್ದು ಜಗತ್ತಿನಲ್ಲೇ ಹೊಸ ಕೆಲಸ. ಕಟ್ಟಡ ಮಾತ್ರ ಹಳೆಯದು, ತೇವ ಹಿಡಿದದ್ದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸೆರೆಮನೆಯಾಗಿತ್ತು. ಅಲ್ಲಿ ಪಾಠದ ಜೊತೆಗೆ ಸಂಗೀತ, ಕೈಕೆಲಸ ಎಲ್ಲವನ್ನೂ ಕಲಿಸುತ್ತಿದ್ದರು.

ಅಲ್ಲಿ ಪುಸ್ತಕಗಳೂ ಇದ್ದವು. ಹಾವಿಯವರ ವಿಧಾನದಲ್ಲಿ ಒದ್ದೆ ಮಾಡಿದ ದಪ್ಪ ಕಾಗದವನ್ನು ಅಚ್ಚಿನ ಮೊಳೆಗಳ ಮೇಲೆ ಒತ್ತಿ, ಮಾಮೂಲಿ ರೋಮನ್ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸುತ್ತಿದ್ದರು. ಬೆರಳಿಂದ ಒಂದೊಂದೇ ಅಕ್ಷರದ ಅಂಚು ಹಿಡಿದು ಓದಬೇಕು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತುಹೋಗುವಷ್ಟು ನಿಧಾನ. ಪುಸ್ತಕಗಳು ಭಾರಿ ತೂಕದವು, ಎಣಿಕೆಗೆ ಸಿಗುವಷ್ಟೇ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಈ ಅಕ್ಷರಗಳನ್ನು ಮಕ್ಕಳು ಕಷ್ಟಪಟ್ಟು ಓದಬಹುದಿತ್ತು, ತಾವಾಗಿ ಬರೆಯುವಂತಿರಲಿಲ್ಲ. ಟಿಪ್ಪಣಿ ಮಾಡಿಕೊಳ್ಳುವುದು, ಲೆಕ್ಕ ಬಿಡಿಸುವುದು, ಮನೆಗೆ ಕಾಗದ ಬರೆಯುವುದು ಯಾವುದೂ ಇಲ್ಲ. ಕಣ್ಣಿದ್ದವರು ಅಚ್ಚು ಹಾಕಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಓದು ಬರಹ ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವಲ್ಲ, ಅದರಲ್ಲಿ ಅರ್ಧ ಮಾತ್ರ ಆ ಮಕ್ಕಳಿಗೆ ಸಿಕ್ಕಿತ್ತು.

1821ರಲ್ಲಿ ಶಾಲೆಗೆ ಹೊಸ ನಿರ್ದೇಶಕರಾಗಿ ಅಲೆಕ್ಸಾಂದ್ರ್ ಪಿನ್ಯೆ ಬಂದರು. ಅದೇ ವರ್ಷ ಶಾರ್ಲ್ ಬಾರ್ಬಿಯೆ ಎಂಬ ಹಿಂದಿನ ಫಿರಂಗಿದಳದ ಅಧಿಕಾರಿ ತಮ್ಮ ಚುಕ್ಕಿ ಬರಹದೊಂದಿಗೆ ಶಾಲೆಯ ಬಾಗಿಲು ತಟ್ಟಿದರು. ಸೈನಿಕರು ಕತ್ತಲಲ್ಲಿ ದೀಪವಿಲ್ಲದೆ ಓದಲೆಂದು ನೆಪೋಲಿಯನ್ ಹೇಳಿ ಇದನ್ನು ಮಾಡಿಸಿದ ಎಂಬ ಕಥೆ ಮಕ್ಕಳ ಪುಸ್ತಕಗಳಲ್ಲಿ ಬಹಳ ಓಡಾಡುತ್ತದೆ. ಇತ್ತೀಚಿನ ಸಂಶೋಧಕರು ಅದನ್ನು ಒಪ್ಪುವುದಿಲ್ಲ. ಬಾರ್ಬಿಯೆಗೆ ನಾನಾ ಬಗೆಯ ಶೀಘ್ರ ಬರವಣಿಗೆ, ಗುಪ್ತ ಬರವಣಿಗೆಗಳಲ್ಲಿ ಆಸಕ್ತಿ ಇತ್ತು. ಶಾಲೆಗೆ ಹೋಗಲಾಗದವರೂ, ಕಣ್ಣು ಕಾಣದವರೂ ಸುಲಭವಾಗಿ ಬರೆಯಬೇಕೆಂಬ ಹಂಬಲವೂ ಇತ್ತು.

ಬಾರ್ಬಿಯೆಯ ವಿಧಾನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಫ್ರೆಂಚ್ ಭಾಷೆಯ 36 ಧ್ವನಿಗಳನ್ನು ಆರು ಅಡ್ಡಸಾಲು, ಆರು ಕಂಬಸಾಲಿನ ಕೋಷ್ಟಕದಲ್ಲಿ ಜೋಡಿಸಿದರು. ಒಂದು ಧ್ವನಿ ಬರೆಯಲು ಎರಡು ನಿಲುವು ಸಾಲು ಚುಕ್ಕಿಗಳು. ಎಡಗಡೆ ಎಷ್ಟು ಚುಕ್ಕಿ ಇವೆಯೋ ಅದು ಅಡ್ಡಸಾಲಿನ ಸಂಖ್ಯೆ, ಬಲಗಡೆಯದು ಕಂಬಸಾಲಿನ ಸಂಖ್ಯೆ. ಗಣಿತದಲ್ಲಿ ನಾವು ನಿರ್ದೇಶಾಂಕ ಕಲಿಸುವುದು ಹೀಗೆಯೇ. ನಾಲ್ಕನೇ ಸಾಲಿನ ಐದನೇ ಧ್ವನಿಗೆ 4+5, ಅಂದರೆ ಒಂಬತ್ತು ಚುಕ್ಕಿ ಬೇಕು. ಅತಿ ಹೆಚ್ಚೆಂದರೆ ಹನ್ನೆರಡು; 36 ಧ್ವನಿಗಳ ಸರಾಸರಿ ತೆಗೆದರೆ ಏಳು.

ಶಾಲೆಯ ಮಕ್ಕಳಿಗೆ ಇದು ಹಬ್ಬವಾಯಿತು. ಗೆರೆಗಿಂತ ಚುಕ್ಕಿ ಬೆರಳಿಗೆ ಚೆನ್ನಾಗಿ ಸಿಗುತ್ತದೆ ಎಂಬುದು ತಿಳಿದ ಕೂಡಲೇ ಗೊತ್ತಾಯಿತು. ಜೊತೆಗೆ ಬಾರ್ಬಿಯೆ ಬರೆಯುವ ಹಲಗೆ ಮತ್ತು ಮೊನೆಗಡ್ಡಿಯನ್ನೂ ಕೊಟ್ಟಿದ್ದರು. ಮೊದಲ ಬಾರಿಗೆ ಮಕ್ಕಳು ತಾವೇ ಬರೆದು ತಾವೇ ಓದಿಕೊಂಡರು. ಆದರೆ ಬಳಸುತ್ತಾ ಹೋದಂತೆ ತೊಡಕು ಕಾಣಿಸಿತು. ಇದು ಧ್ವನಿಗಳ ಬರಹ, ಕಾಗುಣಿತದ್ದಲ್ಲ. ವಿರಾಮ ಚಿಹ್ನೆ ಇಲ್ಲ, ಅಂಕಿ ಇಲ್ಲ, ಸಂಗೀತ ಸ್ವರಲಿಪಿ ಇಲ್ಲ. ಮಿಗಿಲಾಗಿ, ಆರು ಚುಕ್ಕಿ ಎತ್ತರದ ಒಂದು ಗುರುತು ಒಂದು ಬೆರಳ ತುದಿಯಡಿ ಹಿಡಿಸುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸಿ ಚುಕ್ಕಿ ಎಣಿಸಬೇಕು. ಎಣಿಸುವುದು ಬೇರೆ, ಓದುವುದು ಬೇರೆ.

ಲೂಯಿ ಹನ್ನೆರಡು ವರ್ಷದವನಾಗಿದ್ದಾಗ ಈ ಬರಹವನ್ನು ಕಲಿತ. ಮುಂದಿನ ಮೂರು ವರ್ಷ, ತರಗತಿ ಮುಗಿದ ಮೇಲೆ, ರಾತ್ರಿ ಉಳಿದವರು ಮಲಗಿದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ ಕೂಡ, ಹಲಗೆ ಮೊನೆಗಡ್ಡಿ ಹಿಡಿದು ಅದನ್ನು ತಿದ್ದುತ್ತಾ ಕೂತ. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿನಲ್ಲಿ, ಮುಖ್ಯ ಚೌಕಟ್ಟು ಸಿದ್ಧವಾಯಿತು. ಹನ್ನೆರಡು ಚುಕ್ಕಿಯನ್ನು ಆರಕ್ಕೆ ಇಳಿಸಿದ: ಎರಡು ಸಾಲು, ಸಾಲಿಗೆ ಮೂರು. ಧ್ವನಿ ಬಿಟ್ಟು ಅಕ್ಷರಕ್ಕೆ ಬಂದ. ಚುಕ್ಕಿಗಳ ಎಣಿಕೆಯನ್ನು ಬಿಟ್ಟು ಅವುಗಳ ಸ್ಥಾನಕ್ಕೆ ಅರ್ಥ ಕೊಟ್ಟ. ಕೊನೆಯದೇ ಅತಿ ದೊಡ್ಡ ಹೆಜ್ಜೆ ಎಂದು ನನ್ನ ಅಭಿಪ್ರಾಯ. ಒಂದೊಂದು ಸ್ಥಾನದಲ್ಲೂ ಚುಕ್ಕಿ ಇರಬಹುದು ಅಥವಾ ಇಲ್ಲದಿರಬಹುದು. ಎರಡರ ಆರನೇ ಘಾತ 64. ಖಾಲಿ ಬಿಟ್ಟದ್ದನ್ನು ಕಳೆದರೆ 63 ಗುರುತುಗಳು. ಅಕ್ಷರ, ವಿರಾಮ ಚಿಹ್ನೆ, ಅಂಕಿ, ಸಂಗೀತ ಎಲ್ಲಕ್ಕೂ ಸಾಕು.

ಒಂಬತ್ತನೇ ತರಗತಿಗೆ ಘಾತಾಂಕ ಹೇಳುವಾಗ ಇದನ್ನು ಉದಾಹರಣೆಯಾಗಿ ಬಳಸಬಹುದು. ಹೊಸಮನೆಯ ಬೋಧನಾಭ್ಯಾಸದಲ್ಲಿ ನಾನು ಆರು ಗುಳಿಯ ಮೊಟ್ಟೆ ಟ್ರೇ ಮತ್ತು ಗೋಲಿಗಳಿಂದ ಇದನ್ನು ತೋರಿಸಿದೆ. ಮಕ್ಕಳು ಕಣ್ಣು ಮುಚ್ಚಿ ಗೋಲಿಗಳ ಸ್ಥಾನ ಹೇಳುವುದನ್ನು ಬಹಳ ಬೇಗ ಕಲಿತರು. ಇದಕ್ಕೆ ಜೀವಶಾಸ್ತ್ರದ ಕಡೆಯಿಂದಲೂ ಕಾರಣ ಉಂಟು. ಬೆರಳ ತುದಿಗೆ ತಾಗಿದ ಎರಡು ಮೊನೆಗಳು ಬೇರೆ ಬೇರೆ ಎಂದು ತಿಳಿಯಲು ಅವುಗಳ ನಡುವೆ ಸುಮಾರು 2 ಮಿ.ಮೀ. ಅಂತರ ಬೇಕು. ಈಗ ಬಳಕೆಯಲ್ಲಿರುವ ಬ್ರೈಲ್‌ನಲ್ಲಿ ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿ.ಮೀ. ಆರೂ ಚುಕ್ಕಿ ಒಂದು ಬೆರಳಡಿ ಕೂರುತ್ತವೆ, ಆದರೂ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅಳತೆಪಟ್ಟಿ ಹಿಡಿದು ಯಾರೂ ಹೇಳಿಕೊಡದೆ ಆ ಹುಡುಗ ತನ್ನ ಬೆರಳನ್ನೇ ನಂಬಿ ಇಲ್ಲಿಗೆ ಬಂದದ್ದು.

ಅಕ್ಷರಗಳ ಜೋಡಣೆಯಲ್ಲೂ ಶಿಕ್ಷಕನ ಬುದ್ಧಿ ಕಾಣುತ್ತದೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳು ಮಾತ್ರ. ಅವಕ್ಕೇ ಎಡಗಡೆಯ ಕೆಳಗಿನ ಚುಕ್ಕಿ ಸೇರಿಸಿದರೆ ಮುಂದಿನ ಹತ್ತು. ಕೆಳಗಿನ ಎರಡೂ ಚುಕ್ಕಿ ಸೇರಿಸಿದರೆ ಅದರ ಮುಂದಿನವು. ಹತ್ತು ಕಲಿತವನಿಗೆ ಉಳಿದದ್ದು ತಾನಾಗಿ ಬರುತ್ತದೆ. ನಮ್ಮ ಕಾಗುಣಿತದ ಬಳ್ಳಿಯ ಹಾಗೆ. ಮೊದಲ ಹತ್ತು ಅಕ್ಷರಗಳ ಮುಂದೆ ಸಂಖ್ಯಾಸೂಚಕ ಇಟ್ಟರೆ ಅವೇ ಅಂಕಿಗಳು. ಇಂಗ್ಲಿಷಿನ ಡಬ್ಲ್ಯು ಅಕ್ಷರ ಮಾತ್ರ ಈ ಸಾಲಿನಿಂದ ಹೊರಗೆ ನಿಂತಿದೆ, ಏಕೆಂದರೆ ಆಗಿನ ಫ್ರೆಂಚ್ ಅಕ್ಷರಮಾಲೆಯಲ್ಲಿ ಅದು ಇರಲಿಲ್ಲ.

1829ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಬ್ರೈಲ್ ಅವರು ತಮ್ಮ ವಿಧಾನವನ್ನು ಪುಸ್ತಕವಾಗಿ ಹೊರತಂದರು. ಮೊದಲ ಕಲ್ಪನೆ ಬಾರ್ಬಿಯೆಯವರದೇ ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತಮಾಷೆಯೆಂದರೆ ಆ ಪುಸ್ತಕ ಅಚ್ಚಾದದ್ದು ಹಳೆಯ ಉಬ್ಬಕ್ಷರದಲ್ಲಿ. ಅದರಲ್ಲಿ ಚುಕ್ಕಿಗಳ ಜೊತೆಗೆ ಸಣ್ಣ ಗೆರೆಗಳೂ ಇದ್ದವು. ಬರೆಯಲು ಗೆರೆ ತೊಡಕು ಎಂದು ಅನುಭವದಿಂದ ತಿಳಿದು 1837ರ ಎರಡನೇ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟರು. ಅದೇ ವರ್ಷ ಶಾಲೆಯ ಮುದ್ರಣಾಲಯದಲ್ಲಿ ಫ್ರಾನ್ಸಿನ ಸಂಕ್ಷಿಪ್ತ ಇತಿಹಾಸ ಚುಕ್ಕಿ ಲಿಪಿಯಲ್ಲಿ ಮೂರು ಸಂಪುಟಗಳಾಗಿ ಬಂತು. ಹತ್ತು ವರ್ಷಕ್ಕೂ ಮೀರಿ ಮಕ್ಕಳ ಕೈಯಲ್ಲಿ ಪರೀಕ್ಷೆಯಾಗಿ, ತಿದ್ದುಪಡಿಯಾಗಿ ಬಂದ ವಿಧಾನ ಇದು.

ಅಷ್ಟರಲ್ಲಿ ಅವರು ಅದೇ ಶಾಲೆಯಲ್ಲಿ ಸಹಾಯಕ ಶಿಕ್ಷಕರಾಗಿ, 1833ರಲ್ಲಿ ಪೂರ್ಣ ಶಿಕ್ಷಕರಾಗಿದ್ದರು. ವ್ಯಾಕರಣ, ಭೂಗೋಳ, ಇತಿಹಾಸ, ಅಂಕಗಣಿತ, ಬೀಜಗಣಿತ, ರೇಖಾಗಣಿತ, ಜೊತೆಗೆ ಪಿಯಾನೊ ಹಾಗೂ ಚೆಲ್ಲೋ ವಾದನ ಕಲಿಸುತ್ತಿದ್ದರು. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದರು. ಮೆಲುಮಾತಿನವರು, ಶಿಸ್ತಿನವರು, ಕೇಳಿದವರಿಗೆ ಇಲ್ಲ ಎನ್ನದವರು. ಇಪ್ಪತ್ತಾರನೇ ವಯಸ್ಸಿನ ಸುಮಾರಿಗೆ ಕ್ಷಯರೋಗ ಕಾಣಿಸಿಕೊಂಡಿತು. ಆ ತೇವದ ಕಟ್ಟಡದಲ್ಲಿ ಅವರೊಬ್ಬರಿಗೇ ಬಂದ ಕಾಯಿಲೆಯಲ್ಲ ಅದು. ಮುಂದಿನ ಹದಿನೇಳು ವರ್ಷ ಅದು ಬಿಡದೆ ಕಾಡಿತು. ದನಿ ಸೋತಾಗ ಪಾಠ ನಿಲ್ಲಿಸಿ ಊರಿಗೆ ಹೋಗುವುದು, ಚೇತರಿಸಿಕೊಂಡು ಮತ್ತೆ ಬರುವುದು ನಡೆದೇ ಇತ್ತು.

ಅವರ ಲಿಪಿಯನ್ನು ಶಾಲೆ ಒಪ್ಪಿಕೊಂಡಿರಲಿಲ್ಲವೇ ಎಂದು ಕೇಳಬಹುದು. ಪಿನ್ಯೆ ಮೆಚ್ಚಿದ್ದರು, ಬಳಸಲು ಬಿಟ್ಟಿದ್ದರು. ಸರ್ಕಾರದ ಒಪ್ಪಿಗೆ ಇರಲಿಲ್ಲ. 1840ರಲ್ಲಿ ಪಿನ್ಯೆಯವರನ್ನು ಇಳಿಸಿ ಅರ್ಮಾನ್ ದುಫೋ ನಿರ್ದೇಶಕರಾದರು. ಅವರು ಅದೇ ಶಾಲೆಯಲ್ಲಿ ಪಾಠ ಮಾಡಿದ್ದವರು. ಚುಕ್ಕಿ ಲಿಪಿಯನ್ನು ತರಗತಿಯಿಂದ ಹೊರಗಿಟ್ಟರು. ಅವರನ್ನು ಖಳನಾಯಕ ಮಾಡಿ ಕಥೆ ಮುಗಿಸುವುದು ಸುಲಭ. ಆದರೆ ಅವರ ವಾದ ದಡ್ಡತನದ್ದಲ್ಲ. ಕಣ್ಣಿರುವವರಿಗೆ ಒಂದು ಲಿಪಿ, ಇಲ್ಲದವರಿಗೆ ಇನ್ನೊಂದು ಎಂದಾದರೆ ಈ ಮಕ್ಕಳು ಸಮಾಜದಿಂದ ಇನ್ನಷ್ಟು ದೂರವಾಗುತ್ತಾರೆ. ಎಲ್ಲರೂ ಓದುವ ಅಕ್ಷರವನ್ನೇ ಇವರೂ ಓದಲಿ ಎಂಬುದು ಆ ಕಾಲದ ಬಹುಪಾಲು ಶಿಕ್ಷಕರ ನಿಲುವು. ಇದೇ ಮಾತನ್ನು ಇಂದಿನ ವಿಚಾರ ಸಂಕಿರಣದಲ್ಲಿ ಸಮಾನತೆಯ ಹೆಸರಿನಲ್ಲಿ ಹೇಳಿದರೆ ನಾವು ಚಪ್ಪಾಳೆ ತಟ್ಟಬಹುದು.

ವಾದ ಎಲ್ಲಿ ತಪ್ಪುತ್ತದೆಂದರೆ, ಒಂದೇ ಅಕ್ಷರ ಎಂಬುದು ಕಣ್ಣಿಗೆ ಒಂದೇ, ಬೆರಳಿಗೆ ಅಲ್ಲ. ಉಬ್ಬಕ್ಷರ ನೋಡಿದ ಶಿಕ್ಷಕನಿಗೆ ತನ್ನ ಅಕ್ಷರ ಕಾಣುತ್ತದೆ, ಸಮಾಧಾನವಾಗುತ್ತದೆ. ಮಗುವಿಗೆ ಸಿಗುವುದು ಗೋಜಲು. ಚುಕ್ಕಿ ಲಿಪಿ ಬಂದರೆ ಹೊಸದಾಗಿ ಕಲಿಯಬೇಕಾದವನು ಕಣ್ಣಿರುವ ಶಿಕ್ಷಕ. ವಿರೋಧದ ಬೇರು ಅಲ್ಲೂ ಇತ್ತು ಎಂದು ಹೇಳಿದರೆ ಹೆಚ್ಚು ಕಠಿಣವಾಗಲಾರದು. ತರಗತಿಯಲ್ಲಿ ನಿಷೇಧವಾದರೂ ವಿದ್ಯಾರ್ಥಿಗಳು ಬಿಡಲಿಲ್ಲ. ಹಾಸಿಗೆಯಲ್ಲಿ, ಬಿಡುವಿನಲ್ಲಿ ಒಬ್ಬರಿಂದೊಬ್ಬರು ಕಲಿತರು. ಬರೆಯುವ ರುಚಿ ಒಮ್ಮೆ ಹತ್ತಿದವರಿಂದ ಅದನ್ನು ಕಿತ್ತುಕೊಳ್ಳುವುದು ಆಗದ ಮಾತು.

ಕಣ್ಣಿರುವವರಿಗೂ ಇಲ್ಲದವರಿಗೂ ನಡುವೆ ಸೇತುವೆ ಬೇಕೆಂಬುದು ಬ್ರೈಲ್ ಅವರಿಗೂ ಗೊತ್ತಿತ್ತು. 1839ರಲ್ಲೇ ಅವರು ಇನ್ನೊಂದು ವಿಧಾನ ಪ್ರಕಟಿಸಿದ್ದರು: ಮಾಮೂಲಿ ರೋಮನ್ ಅಕ್ಷರದ ಆಕಾರವನ್ನೇ ಚುಕ್ಕಿಗಳಲ್ಲಿ ಮೂಡಿಸುವುದು. ಅಂಧ ಮಗ ಬರೆದ ಕಾಗದವನ್ನು ಊರಿನಲ್ಲಿ ತಾಯಿ ನೇರವಾಗಿ ಓದಬಹುದು. ಅದನ್ನು ಬೇಗ ಬರೆಯಲು ಅಂಧ ಯಂತ್ರಕುಶಲಿ ಪಿಯೆರ್ ಫೂಕೊ ಒಂದು ಯಂತ್ರ ಕಟ್ಟಿದರು. ಬೆರಳಚ್ಚು ಯಂತ್ರದ ಹಿರಿಯಣ್ಣ ಎನ್ನಬಹುದು. ಅಂದರೆ ಪ್ರತ್ಯೇಕವಾಗುತ್ತಾರೆ ಎಂಬ ಆಕ್ಷೇಪಕ್ಕೆ ಉತ್ತರವನ್ನು ಅದು ತರಗತಿಗೆ ನಿಷೇಧವಾಗಿ ಬರುವ ಮೊದಲೇ ಅವರು ಕೊಟ್ಟಿದ್ದರು.

ಬಿಕ್ಕಟ್ಟು ಬಿಡಿಸಿದವರು ಸಹಾಯಕ ನಿರ್ದೇಶಕ ಜೋಸೆಫ್ ಗ್ವಾದೆ. ಮಕ್ಕಳು ಕದ್ದು ಓದುವುದನ್ನು ಗಮನಿಸಿ, ಯಾಕೆ ಹೀಗೆ ಎಂದು ವಿಚಾರಿಸಿ, ದುಫೋ ಅವರ ಮನ ಒಲಿಸಿದರು. ಶಾಲೆ ಹೊಸ ಕಟ್ಟಡಕ್ಕೆ ಬಂದಿತ್ತು. 1844ರ ಫೆಬ್ರುವರಿ 22ರಂದು ಅದರ ಉದ್ಘಾಟನೆಯಲ್ಲಿ ಗ್ವಾದೆ ಈ ಲಿಪಿಯನ್ನೂ ಅದರ ಕರ್ತೃವನ್ನೂ ಸಭೆಗೆ ಪರಿಚಯಿಸಿದರು. ಒಂದು ಮಗುವನ್ನು ಹೊರಗೆ ಕಳಿಸಿ ಇನ್ನೊಂದು ಮಗುವಿಗೆ ಉಕ್ತಲೇಖನ ಕೊಟ್ಟರು. ಹೊರಗಿದ್ದ ಮಗು ಬಂದು ಅದನ್ನು ತಡವರಿಸದೆ ಓದಿತು. ಸಭೆಗೆ ಬೇರೆ ಪುರಾವೆ ಬೇಕಾಗಲಿಲ್ಲ. ಪಾಠ ನಿರೀಕ್ಷಣೆಗೆ ಕೂತ ಯಾರೂ ಇಷ್ಟು ನೇರವಾದ ಮೌಲ್ಯಮಾಪನ ಕಂಡಿರಲಾರರು.

ಬ್ರೈಲ್ ಅವರು 1852ರ ಜನವರಿ 6ರಂದು ತೀರಿಕೊಂಡರು. ನಲವತ್ಮೂರು ತುಂಬಿ ಎರಡು ದಿನ. ತಮ್ಮ ಒಂದು ಪೆಟ್ಟಿಗೆಯನ್ನು ತೆರೆಯದೆ ಸುಟ್ಟುಬಿಡಬೇಕೆಂದು ಹೇಳಿಹೋಗಿದ್ದರು. ಉಳಿದವರು ಕುತೂಹಲ ತಡೆಯದೆ ತೆರೆದರು. ಒಳಗೆ ಇದ್ದದ್ದು ಸಾಲದ ಚೀಟಿಗಳು, ವಿದ್ಯಾರ್ಥಿಗಳು ಮತ್ತು ಗೆಳೆಯರು ಅವರಿಂದ ಪಡೆದು ತೀರಿಸದೆ ಇದ್ದವು. ನಂತರ ಅವರ ಇಚ್ಛೆಯಂತೆ ಸುಟ್ಟರು. ಎರಡು ವರ್ಷಗಳ ಮೇಲೆ, 1854ರಲ್ಲಿ, ಅವರ ಲಿಪಿಗೆ ಫ್ರಾನ್ಸಿನಲ್ಲಿ ಅಧಿಕೃತ ಮನ್ನಣೆ ಬಂತು. 1878ರ ಪ್ಯಾರಿಸ್ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ಸತ್ತು ನೂರು ವರ್ಷವಾದಾಗ, 1952ರಲ್ಲಿ, ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ, ರಾಷ್ಟ್ರದ ಗಣ್ಯರ ಸಮಾಧಿ ಸ್ಥಳಕ್ಕೆ, ಒಯ್ದರು. ಕೈಗಳನ್ನು ಮಾತ್ರ ಹಳ್ಳಿಯವರು ಕೂಪ್ವ್ರೆಯಲ್ಲೇ ಉಳಿಸಿಕೊಂಡರು. ನಮ್ಮ ಭಾರತ ಸರ್ಕಾರ 2009ರಲ್ಲಿ, ಅವರ ಇನ್ನೂರನೇ ಜನ್ಮವರ್ಷಕ್ಕೆ, ಅವರ ಚಿತ್ರವಿದ್ದ ಎರಡು ರೂಪಾಯಿ ನಾಣ್ಯ ಹೊರಡಿಸಿತು.

ಭಾರತದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ತೆರೆಯಿತು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲಿ ಆರಂಭವಾಯಿತು. ಆಗ ಒಂದೊಂದು ಪ್ರಾಂತ್ಯ ತನ್ನದೇ ಚುಕ್ಕಿ ಜೋಡಣೆ ಮಾಡಿಕೊಂಡಿತ್ತು. ಕನ್ನಡಕ್ಕೂ ಮೈಸೂರಿನದೇ ಒಂದು ಬಗೆ ಇತ್ತು. ಒಂದು ಕಡೆ ಅಚ್ಚಾದ ಪುಸ್ತಕ ಇನ್ನೊಂದು ಕಡೆ ಓದಲು ಬಾರದು. ಸ್ವಾತಂತ್ರ್ಯದ ನಂತರ ಯುನೆಸ್ಕೊ ನೆರವಿನಿಂದ 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡಿತು. ಧ್ವನಿಯನ್ನು ಆಧಾರವಾಗಿಟ್ಟುಕೊಂಡು ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಒಂದೇ ಪಟ್ಟಿ ಅದು. ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಮೂರಕ್ಕೂ ಒಂದೇ ಗುರುತು.

ಕನ್ನಡ ಬ್ರೈಲ್‌ನಲ್ಲಿ ತಲೆಕಟ್ಟಿಲ್ಲ, ಕೊಂಬಿಲ್ಲ, ಅಕ್ಷರದ ಕೆಳಗೆ ಇಳಿಯುವ ಒತ್ತಿಲ್ಲ. ಗುಣಿತಾಕ್ಷರದಲ್ಲಿ ವ್ಯಂಜನದ ಮುಂದೆ ಸ್ವರವನ್ನು ಪೂರ್ತಿಯಾಗಿ ಬರೆಯುತ್ತಾರೆ. ಒತ್ತಕ್ಷರದಲ್ಲಿ ಸ್ವರವಿಲ್ಲದ ವ್ಯಂಜನದ ಹಿಂದೆ ನಾಲ್ಕನೇ ಚುಕ್ಕಿಯ ಗುರುತು ಇಡುತ್ತಾರೆ. ಹಾಗಾಗಿ ಕಣ್ಣಿನಲ್ಲಿ ಓದುವ ನಮ್ಮ ಮಕ್ಕಳಿಗೆ ಗೊಂದಲವಾಗುವ ಒತ್ತಕ್ಷರದ ಕ್ರಮ, ಬೆರಳಿನಲ್ಲಿ ಓದುವ ಮಗುವಿಗೆ ಉಚ್ಚಾರಣೆಯ ಕ್ರಮದಲ್ಲೇ ಸಿಗುತ್ತದೆ. ಈಗ ಮೊಬೈಲು ಪುಸ್ತಕವನ್ನು ಓದಿ ಹೇಳುತ್ತದೆ, ಬ್ರೈಲ್ ಯಾಕೆ ಎನ್ನುವವರಿದ್ದಾರೆ. ಕೇಳಿ ಕಲಿತ ಮಗುವಿಗೆ ಕಥೆ ಗೊತ್ತಾಗುತ್ತದೆ. ಆದರೆ ಶಬ್ದದಲ್ಲಿ ದ ಇದೆಯೋ ಧ ಇದೆಯೋ, ಸಮೀಕರಣದಲ್ಲಿ ಆವರಣ ಎಲ್ಲಿ ಮುಚ್ಚಿತು ಎಂಬುದು ಬೆರಳಿಗೆ ಸಿಕ್ಕಿದಷ್ಟು ಕಿವಿಗೆ ಸಿಗುವುದಿಲ್ಲ. ವಿಜ್ಞಾನ, ಗಣಿತ ಕಲಿಸಲು ಹೊರಟ ನಮಗೆ ಇದು ನಾಳೆಯೇ ಎದುರಾಗುವ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಮೇಲೆ ಅಂಥ ಮಗು ನಮ್ಮ ಸಾಮಾನ್ಯ ಶಾಲೆಯ ತರಗತಿಗೂ ಹಕ್ಕಿನಿಂದ ಬರುತ್ತದೆ.

ಚುಕ್ಕಿಗಳಿಗೆ ಎಡಗಡೆ ಮೇಲಿನಿಂದ 1, 2, 3, ಬಲಗಡೆ 4, 5, 6 ಎಂದು ಸಂಖ್ಯೆ. ಹೊಸಮನೆ ಎಂದು ಬರೆಯಲು ಆರು ಕೋಶ ಬೇಕು: ಹ 1-2-5, ಒ 1-3-4-6, ಸ 2-3-4, ಮ 1-3-4, ನ 1-3-4-5, ಎ 2-6. ಸ್ಲೇಟಿನಲ್ಲಿ ಬರೆಯುವಾಗ ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಹಾಳೆ ಮಗುಚಿದರೆ ಎಡದಿಂದ ಬಲಕ್ಕೆ ಓದಲು ಸಿದ್ಧ.